ನೀರಿನ ಲೆಕ್ಕಕ್ಕೆ ಅಂಕ ಕೊಡೋರು ಯಾರು?

ಕ್ಯಾಲಿಫೋರ್ನಿಯಾದ ಊರುಗಳಿಗೆ ನೀರು ಕೊಡುವ ದೊಡ್ಡ ಸಂಸ್ಥೆಗಳು ಸುಮಾರು 400 ಇವೆ. 2014ರಿಂದ ಇವೆಲ್ಲ ಪ್ರತಿ ತಿಂಗಳು 15ನೇ ತಾರೀಖಿನೊಳಗೆ ರಾಜ್ಯದ ಜಲಸಂಪನ್ಮೂಲ ನಿಯಂತ್ರಣ ಮಂಡಳಿಗೆ ಒಂದು ವರದಿ ಕೊಡಬೇಕಾಯಿತು. ಈ ತಿಂಗಳು ಎಷ್ಟು ನೀರು ಹೊರಬಿಟ್ಟಿರಿ, 2013ರ ಇದೇ ತಿಂಗಳಲ್ಲಿ ಎಷ್ಟು ಬಿಟ್ಟಿದ್ದಿರಿ, ಅದರಲ್ಲಿ ಮನೆಬಳಕೆಗೆ ಹೋದದ್ದು ಶೇಕಡಾ ಎಷ್ಟು, ಎಷ್ಟು ಜನಕ್ಕೆ. ಮುಖ್ಯವಾಗಿ ಕೇಳಿದ್ದು ಇಷ್ಟೇ. ಭರ್ತಿಯಾದ ವರದಿಗಳನ್ನು ಮಂಡಳಿ ಒಂದು ಎಕ್ಸೆಲ್ ಶೀಟ್ ಮಾಡಿ ಎಲ್ಲರಿಗೂ ತೆರೆದಿಟ್ಟಿತು. ಬೆಂಗಳೂರಿನಲ್ಲಿ ಕೂತು ನಾನು ನೀವು ಕೂಡ ಇಳಿಸಿಕೊಂಡು ನೋಡಬಹುದು.

ಸರ್ಕಾರಿ ಫಾರ್ಮ್ ಬಗ್ಗೆ ವಿಮರ್ಶೆ ಬರೆಯೋದು ವಿಚಿತ್ರ ಅನ್ನಿಸಬಹುದು. ಆದರೆ ಒಂದು ಫಾರ್ಮ್ ಏನನ್ನು ಕೇಳುತ್ತದೆ, ಏನನ್ನು ಕೇಳದೆ ಬಿಡುತ್ತದೆ ಅನ್ನೋದರ ಮೇಲೆ ಯಾರ ಮನೆಯ ನಲ್ಲಿ ಸಣ್ಣಗಾಗುತ್ತದೆ ಅನ್ನೋದು ನಿರ್ಧಾರವಾಗುತ್ತದೆ. ಕ್ಯಾಲಿಫೋರ್ನಿಯಾದ ಈ ಫಾರ್ಮಿನಲ್ಲಿ ದೋಷಗಳಿದ್ದವು, ಆದರೂ ಅದು ಕೆಲಸ ಮಾಡಿತು. ಎರಡು ವರ್ಷದ ನಂತರ, ಸುಧಾರಣೆಯ ಹೆಸರಲ್ಲಿ, ಅದರ ಜೀವವನ್ನೇ ತೆಗೆದುಬಿಟ್ಟರು ಅನ್ನೋದು ನನ್ನ ವಾದ.

ಮೊದಲು ಹಿನ್ನೆಲೆ. ಬರ ಬಿಗಿಯಾಗುತ್ತಿದ್ದ ಜನವರಿ 2014ರಲ್ಲಿ ಗವರ್ನರ್ ಜೆರ್ರಿ ಬ್ರೌನ್ ತುರ್ತುಸ್ಥಿತಿ ಘೋಷಿಸಿ, ಎಲ್ಲರೂ ಸ್ವಇಚ್ಛೆಯಿಂದ ಶೇ. 20ರಷ್ಟು ನೀರು ಉಳಿಸಿ ಅಂತ ಕೇಳಿಕೊಂಡರು. ಜನ ಅಷ್ಟು ಉಳಿಸಲಿಲ್ಲ. 2015ರ ಏಪ್ರಿಲ್ 1ರಂದು ಬಂದದ್ದು ಆದೇಶ: ಇಡೀ ರಾಜ್ಯದ ನಗರಗಳು 2013ಕ್ಕೆ ಹೋಲಿಸಿ ಶೇ. 25ರಷ್ಟು ಕಡಿತ ಮಾಡಲೇಬೇಕು. ಎಲ್ಲರಿಗೂ ಒಂದೇ ಕಡಿತ ಹಾಕಿದರೆ ಮೊದಲಿಂದ ಮಿತವಾಗಿ ಬಳಸಿದವರಿಗೆ ಅನ್ಯಾಯ. ಹಾಗಾಗಿ ಮಂಡಳಿ ಮೆಟ್ಟಿಲು ಕಟ್ಟಿತು. ಒಬ್ಬರಿಗೆ ದಿನಕ್ಕೆ 65 ಗ್ಯಾಲನ್‌ಗಿಂತ ಕಡಿಮೆ, ಅಂದರೆ ಸುಮಾರು 246 ಲೀಟರ್‌ಗಿಂತ ಕಡಿಮೆ ಬಳಸುವ ಊರಿಗೆ ಶೇ. 8ರ ಕಡಿತ. 215 ಗ್ಯಾಲನ್ ದಾಟಿದ ಊರಿಗೆ ಶೇ. 36. ಉದ್ದೇಶ ಒಳ್ಳೆಯದೇ. ಈ ಮೆಟ್ಟಿಲುಗಳನ್ನು ಯಾವ ಸಂಖ್ಯೆಯ ಮೇಲೆ ಕಟ್ಟಿದರು ಅನ್ನೋದು ಪ್ರಶ್ನೆ.

ಸೂತ್ರ ಸರಳ. ತಿಂಗಳಲ್ಲಿ ಹೊರಬಿಟ್ಟ ಒಟ್ಟು ನೀರನ್ನು ಮನೆಬಳಕೆಯ ಶೇಕಡಾವಾರಿಗೆ ಗುಣಿಸಿ, ಜನಸಂಖ್ಯೆಯಿಂದಲೂ ದಿನಗಳಿಂದಲೂ ಭಾಗಿಸಿ. ಇಲ್ಲಿ ಚೆನ್ನಾಗಿ ಅಳೆಯಬಹುದಾದದ್ದು ಮೊದಲನೆಯದು ಮಾತ್ರ, ಪಂಪಿನ ಬಾಯಲ್ಲಿ ಮೀಟರ್ ಇರುತ್ತದೆ. ಮನೆಬಳಕೆಯ ಪಾಲು, ಜನಸಂಖ್ಯೆ ಎರಡರಲ್ಲೂ ಅಂದಾಜು ಬೆರೆತಿರುತ್ತದೆ, ಆ ಅಂದಾಜು ಮಾಡೋದೂ ನೀರು ಕೊಡುವ ಸಂಸ್ಥೆಯೇ.

ಒಂದು ಕಾಲ್ಪನಿಕ ಊರು ತಗೊಳ್ಳೋಣ. ತಿಂಗಳಿಗೆ 300 ಕೋಟಿ ಲೀಟರ್ ನೀರು, 2 ಲಕ್ಷ ಜನ, 30 ದಿನ. ಮನೆಬಳಕೆ ಶೇ. 70 ಅಂತ ಬರೆದರೆ ಒಬ್ಬರಿಗೆ ದಿನಕ್ಕೆ 350 ಲೀಟರ್. ಶೇ. 60 ಅಂತ ಬರೆದರೆ 300 ಲೀಟರ್. ಒಂದು ಹನಿ ಉಳಿಸದೆ ತಲೆಗೆ 50 ಲೀಟರ್ ಇಳಿಯಿತು! ಮಂಡಳಿಯ ಪಟ್ಟಿಯಲ್ಲಿ ಇದು ಶೇ. 16ರ ಮೆಟ್ಟಿಲಿನಿಂದ ಶೇ. 12ರ ಮೆಟ್ಟಿಲಿಗೆ ಇಳಿಯೋಕೆ ಸಾಕು. ಹೀಗೆ ಬೇಕಂತಲೇ ಬರೆದರು ಅಂತ ನಾನು ಹೇಳ್ತಿಲ್ಲ. ಬರೆದರೂ ಆ ಶೀಟ್ ನೋಡಿ ಗೊತ್ತಾಗುವುದಿಲ್ಲ ಅಂತ ಹೇಳ್ತಿದ್ದೀನಿ.

ಇನ್ನೊಂದು ಸಮಸ್ಯೆ ಸೋರಿಕೆಯದು. ಮನೆಬಳಕೆಯ ಪಾಲನ್ನು ಬಿಲ್ ಆದ ನೀರಿನಿಂದ ಲೆಕ್ಕಹಾಕಿ, ಆಮೇಲೆ ಒಟ್ಟು ಹೊರಬಿಟ್ಟ ನೀರಿಗೆ ಗುಣಿಸಿದರೆ, ರಸ್ತೆಯಡಿ ಹಳೇ ಪೈಪಿನಿಂದ ಸೋರಿದ ನೀರೂ ಜನರ ತಲೆಗೆ ಬೀಳುತ್ತದೆ. ಪೈಪ್ ಬದಲಿಸದೆ ಇದ್ದದ್ದು ಸಂಸ್ಥೆ, 'ಅತಿ ಬಳಕೆದಾರ' ಅನ್ನಿಸಿಕೊಂಡದ್ದು ನಿವಾಸಿ. ರಜೆಮನೆಗಳು ಜಾಸ್ತಿ ಇರುವ ಊರಿನಲ್ಲಿ ಇದರ ಇನ್ನೊಂದು ರೂಪ. ಮಾಲೀಕ ಬೇರೆಡೆ ಖಾಯಂ ನಿವಾಸಿ, ಆದರೆ ಅವನ ಹುಲ್ಲುಹಾಸಿನ ನೀರು ಸ್ಥಳೀಯರ ಸರಾಸರಿಗೆ ಸೇರುತ್ತದೆ.

ಸ್ವಾರಸ್ಯ ಏನಂದ್ರೆ ಇದೆಲ್ಲ ಮಂಡಳಿಗೂ ಗೊತ್ತಿತ್ತು. ಹವಾಮಾನ, ಸೈಟಿನ ಅಳತೆ, ಆದಾಯ ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳದೆ ಈ ತಲಾವಾರು ಸಂಖ್ಯೆಯಿಂದ ಒಂದು ಊರನ್ನು ಇನ್ನೊಂದರ ಜೊತೆ ಹೋಲಿಸಬೇಡಿ ಅಂತ ಮಂಡಳಿಯೇ ಎಚ್ಚರಿಕೆ ಕೊಟ್ಟಿತ್ತು. ಆಮೇಲೆ 2014ರ ಜುಲೈನಿಂದ ಸೆಪ್ಟೆಂಬರ್‌ವರೆಗಿನ ಅದೇ ಸಂಖ್ಯೆ ಇಟ್ಟುಕೊಂಡು ಊರುಗಳನ್ನು ಮೆಟ್ಟಿಲುಗಳ ಮೇಲೆ ನಿಲ್ಲಿಸಿತು. ಮಂಜು ಮುಸುಕುವ ಸ್ಯಾನ್ ಫ್ರಾನ್ಸಿಸ್ಕೋ ಕೆಳಗಿನ ಮೆಟ್ಟಿಲಲ್ಲಿ, ಮರುಭೂಮಿಯಂಚಿನ ಊರುಗಳು ಮೇಲಿನ ಮೆಟ್ಟಿಲಲ್ಲಿ.

ಇಷ್ಟಾದರೂ ಅದು ಕೆಲಸ ಮಾಡಿತು ಅಂತ ಯಾಕೆ ಹೇಳ್ತೀನಿ? ಜೂನ್ 2015ರಿಂದ ಒಂದು ವರ್ಷದಲ್ಲಿ ರಾಜ್ಯದ ಉಳಿತಾಯ ಶೇ. 24ರ ಆಸುಪಾಸಿಗೆ ಬಂತು, ಗುರಿಗೆ ಕೂದಲೆಳೆಯಷ್ಟು ಕಡಿಮೆ. ಕಾರಣ ತಲಾವಾರು ಸೂತ್ರ ಅಲ್ಲವೇ ಅಲ್ಲ. ಒಮ್ಮೆ ಮೆಟ್ಟಿಲು ಗೊತ್ತಾದ ಮೇಲೆ ಪ್ರಗತಿಯನ್ನು ಅಳೆದದ್ದು ಒಂದು ಸರಳ ಹೋಲಿಕೆಯಿಂದ: ನಿಮ್ಮದೇ ಪಂಪು, ನಿಮ್ಮದೇ 2013. ಅಲ್ಲಿ ಅಂದಾಜಿಗೆ ಜಾಗ ಕಡಿಮೆ. ಜೊತೆಗೆ ಪ್ರತಿ ತಿಂಗಳು ಎಲ್ಲರ ಕಣ್ಣೆದುರು ಪ್ರಕಟಣೆ. ಪತ್ರಿಕೆಗಳು ನಕ್ಷೆ ಬರೆದು, ಯಾವ ಊರು ಪಾಸು ಯಾವುದು ಫೇಲು ಅಂತ ಬಣ್ಣ ಬಳಿದವು. 2015ರ ಅಕ್ಟೋಬರ್ ಕೊನೆಗೆ ಗುರಿ ಮುಟ್ಟದ ನಾಲ್ಕು ಸಂಸ್ಥೆಗಳಿಗೆ ತಲಾ 61,000 ಡಾಲರ್ ದಂಡ ಬಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 122 ದಿನ, ದಿನಕ್ಕೆ 500 ಡಾಲರ್. ಆ ನಾಲ್ಕರಲ್ಲಿ ಒಂದು ಬೆವರ್ಲಿ ಹಿಲ್ಸ್. ಆ ಊರಿಗೆ ಅಷ್ಟು ದುಡ್ಡು ಯಾವ ಲೆಕ್ಕ, ಆದರೆ ಪೇಪರಿನಲ್ಲಿ ಹೆಸರು ಬಂದದ್ದು ಚುರುಕು ಮುಟ್ಟಿಸಿತು.

ಊರಿನ ಹೆಸರು ಬಂತು, ಮನೆಯ ಹೆಸರು ಬರಲಿಲ್ಲ. ಅದೇ ಅಕ್ಟೋಬರ್‌ನಲ್ಲಿ ತನಿಖಾ ಪತ್ರಕರ್ತರು ಒಂದು ಸುದ್ದಿ ಹೊರತಂದರು. ಲಾಸ್ ಏಂಜಲಿಸ್‌ನ ಬೆಲ್ ಏರ್ ಬಡಾವಣೆಯ ಒಂದೇ ಮನೆ ಒಂದು ವರ್ಷದಲ್ಲಿ 1.18 ಕೋಟಿ ಗ್ಯಾಲನ್ ನೀರು ಬಳಸಿತ್ತು. ಲೀಟರಿನಲ್ಲಿ ಹೇಳಿದರೆ ದಿನಕ್ಕೆ ಸುಮಾರು 1.2 ಲಕ್ಷ. ನಮ್ಮ ಜಲ ಜೀವನ್ ಮಿಷನ್ ಹಳ್ಳಿಯವರಿಗೆ ತಲೆಗೆ 55 ಲೀಟರ್ ಅಂತ ಗುರಿ ಇಟ್ಟಿದೆಯಲ್ಲ, ಆ ಲೆಕ್ಕದಲ್ಲಿ ಎರಡು ಸಾವಿರ ಜನರ ಒಂದು ಊರಿಗಾಗುವಷ್ಟು ನೀರು. ಗ್ರಾಹಕರ ಮಾಹಿತಿ ಗುಟ್ಟಾಗಿಡಲು ರಾಜ್ಯದ ಕಾನೂನೇ ಅವಕಾಶ ಕೊಡುವುದರಿಂದ ಮನೆ ಯಾರದ್ದು ಅಂತ ಇಲಾಖೆ ಹೇಳಲಿಲ್ಲ. ತಿಂಗಳ ವರದಿಯಲ್ಲಿ ಆ ಮನೆ ಎಲ್ಲಿದೆ? ಲಾಸ್ ಏಂಜಲಿಸ್‌ನ ಸರಾಸರಿಯೊಳಗೆ, ಬಾಡಿಗೆ ಮನೆಯಲ್ಲಿ ಬಕೆಟ್ ಎಣಿಸಿ ಸ್ನಾನ ಮಾಡುವವರ ಮಧ್ಯೆ.

ಇನ್ನು 2016ರ ಮೇ ತಿಂಗಳು. ಉತ್ತರ ಭಾಗದಲ್ಲಿ ಒಂದಿಷ್ಟು ಮಳೆಯಾಗಿತ್ತು. ಸಂಸ್ಥೆಗಳಿಗೆ ಸಿಟ್ಟೂ ಇತ್ತು, ಅದು ಪೂರ್ತಿ ಆಧಾರವಿಲ್ಲದ ಸಿಟ್ಟಲ್ಲ. ನೀರು ಮಾರಿಯೇ ಬದುಕುವ ಸಂಸ್ಥೆಗೆ ಕಡಿತ ಅಂದರೆ ಆದಾಯಕ್ಕೆ ಕತ್ತರಿ. ಸ್ಯಾನ್ ಡಿಯಾಗೋ ಕಡೆಯವರು ಸುಮಾರು ನೂರು ಕೋಟಿ ಡಾಲರ್ ವೆಚ್ಚದ ಸಮುದ್ರದ ನೀರು ಶುದ್ಧೀಕರಣ ಘಟಕದಿಂದ ನೀರು ಪಡೆಯಲು ಶುರುಮಾಡಿದ್ದರು, ಮೊದಲಿನ ನಿಯಮದಲ್ಲಿ ಅದಕ್ಕೆ ವಿನಾಯಿತಿಯೇ ಇರಲಿಲ್ಲ. ಒತ್ತಡಕ್ಕೆ ಮಣಿದ ಮಂಡಳಿ ನಿಯಮ ತಿರುಗಿಸಿತು. ಇನ್ನು ಮುಂದೆ ಪ್ರತಿ ಸಂಸ್ಥೆಯೂ, ಬರ ಮತ್ತೆ ಮೂರು ವರ್ಷ ಮುಂದುವರಿದರೆ ನಮ್ಮಲ್ಲಿ ನೀರು ಎಷ್ಟು, ಬೇಡಿಕೆ ಎಷ್ಟು ಅಂತ ತಾನೇ ಲೆಕ್ಕಹಾಕಬೇಕು. ಕೊರತೆ ಎಷ್ಟು ಬರುತ್ತದೋ ಅಷ್ಟೇ ಕಡಿತದ ಗುರಿ.

ಐಟಿ ಕಂಪನಿಯಲ್ಲಿ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಪ್ರೈಸಲ್ ಟೈಮಲ್ಲಿ ಸೆಲ್ಫ್ ರೇಟಿಂಗ್ ಕೇಳುತ್ತಾರೆ, ನಾವು ಐದಕ್ಕೆ ಐದು ಹಾಕುತ್ತೇವೆ, ಮ್ಯಾನೇಜರ್ ಅದನ್ನು ಮೂರಕ್ಕೆ ಇಳಿಸುತ್ತಾರೆ. ಇಲ್ಲಿ ಇಳಿಸಬೇಕಾದ ಮ್ಯಾನೇಜರ್ ಕೈಕಟ್ಟಿ ಕೂತರು. ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಸಂಸ್ಥೆಗಳು ಬರೆದುಕೊಂಡ ಗುರಿ: ಸೊನ್ನೆ. ಲೆಕ್ಕವನ್ನು ಬಹಿರಂಗವಾಗಿ ಪ್ರಕಟಿಸಬೇಕು ಅನ್ನೋ ಷರತ್ತು ಇತ್ತು ನಿಜ. ಆದರೆ ಅಂತರ್ಜಲ ಎಷ್ಟಿದೆ, ಪಕ್ಕದ ಸಂಸ್ಥೆಯಿಂದ ಎಷ್ಟು ಸಿಗುತ್ತದೆ ಅನ್ನೋ ಅಂದಾಜುಗಳನ್ನು ಹೊರಗಿನವನೊಬ್ಬ ಓದಿ ಪ್ರಶ್ನಿಸೋದು ಹೇಗೆ? 2013ರ ಪಂಪಿನ ರೀಡಿಂಗ್ ಆದರೆ ಯಾರಿಗೂ ಅರ್ಥವಾಗುತ್ತಿತ್ತು. ಆಗಸ್ಟ್ 2015ರಲ್ಲಿ ಸುಮಾರು ಶೇ. 27 ಇದ್ದ ಉಳಿತಾಯ ಮುಂದಿನ ಆಗಸ್ಟ್‌ಗೆ ಶೇ. 18ರ ಹತ್ತಿರಕ್ಕೆ ಬಂದು ನಿಂತಿತು. ಆಮೇಲಿನ ಚಳಿಗಾಲ ಧಾರಾಕಾರ ಮಳೆ ಸುರಿದು, ಆ ಸೊನ್ನೆಗಳು ಪರೀಕ್ಷೆಯೇ ಇಲ್ಲದೆ ಪಾಸಾದವು.

ನಮ್ಮ ಹಳ್ಳಿಗಳಲ್ಲಿ ನೀರುಗಂಟಿ ವಾಲ್ವ್ ತಿರುಗಿಸಿ 'ಬಿಟ್ಟಿದೀನಿ' ಅಂದರೆ ಯಾರೂ ಅದನ್ನೇ ಲೆಕ್ಕ ಅಂತ ಒಪ್ಪುವುದಿಲ್ಲ. ಕೊನೇ ಬೀದಿಯ ಹೆಂಗಸರು ಕೊಡ ಇಟ್ಟುಕೊಂಡು 'ನಮ್ಗಿನ್ನೂ ಬಂದಿಲ್ಲ ಕಣಪ್ಪ' ಅಂದರೆ ಅಲ್ಲಿಗೆ ವರದಿ ತಿದ್ದುಪಡಿ ಆಯಿತು. ಕೊಟ್ಟವನ ಲೆಕ್ಕವನ್ನು ಪಡೆದವರು ತಾಳೆ ನೋಡುತ್ತಾರೆ. ಮೇ 2016ರಲ್ಲಿ ಕ್ಯಾಲಿಫೋರ್ನಿಯಾ ಕೈಬಿಟ್ಟದ್ದು ಇದನ್ನೇ.

ಅದೇ ರಾಜ್ಯ ಇನ್ನೊಂದು ಕಡೆ ಸರಿಯಾದ ದಾರಿ ಹಿಡಿದಿತ್ತು. 2015ರಲ್ಲೇ ಪಾಸಾದ ಕಾನೂನಿನ ಪ್ರಕಾರ ಅಕ್ಟೋಬರ್ 2017ರಿಂದ ಪ್ರತಿ ಸಂಸ್ಥೆ ವರ್ಷಕ್ಕೊಮ್ಮೆ ಸೋರಿಕೆಯ ಲೆಕ್ಕ ಸಲ್ಲಿಸಬೇಕು, ಮತ್ತು ಲೆಕ್ಕ ಬರೆದವರಲ್ಲದ ಇನ್ನೊಬ್ಬ ಅರ್ಹರು ಅದನ್ನು ಪರಿಶೀಲಿಸಿರಬೇಕು. ಆ ಲೆಕ್ಕದ ನಮೂನೆಯಲ್ಲಿ ಸಂಖ್ಯೆಯ ಪಕ್ಕ 1ರಿಂದ 10ರವರೆಗೆ ಅಂಕ ಇರುತ್ತದೆ. ಸೋರಿಕೆ ಎಷ್ಟು ಅನ್ನೋದಕ್ಕಲ್ಲ ಆ ಅಂಕ, ಈ ಸಂಖ್ಯೆಯನ್ನು ಎಷ್ಟು ನಂಬಬಹುದು ಅನ್ನೋದಕ್ಕೆ. ಮೀಟರ್ ಪರೀಕ್ಷೆ ಮಾಡಿಸಿ ಎಷ್ಟು ವರ್ಷ ಆಯಿತು ಅಂತ ಕೇಳಿ ಕೊಡುವ ಅಂಕ. ಡ್ಯಾಶ್‌ಬೋರ್ಡ್ ಮಾಡುವ ನಾವೆಲ್ಲ ಕಲಿಯಬೇಕಾದ ಪಾಠ.

ನಮ್ಮಲ್ಲೂ ಇಂಥದ್ದು ಇದೆ ಅಂದರೆ ಆಶ್ಚರ್ಯವಾಗಬಹುದು. ಕೇಂದ್ರ ನಗರಾಭಿವೃದ್ಧಿ ಸಚಿವಾಲಯ 2008ರಲ್ಲೇ ಸೇವಾ ಮಟ್ಟದ ಮಾನದಂಡಗಳ ಕೈಪಿಡಿ ತಂದಿತು. ತಲೆಗೆ 135 ಲೀಟರ್, ಲೆಕ್ಕಕ್ಕೆ ಸಿಗದೆ ಹೋಗುವ ನೀರು ಶೇ. 20, ಎಲ್ಲ ಸಂಪರ್ಕಕ್ಕೂ ಮೀಟರ್ ಅನ್ನೋ ಗುರಿಗಳು ಅದರಲ್ಲಿವೆ. ಜೊತೆಗೆ ನಂಬಿಕೆಯ ಶ್ರೇಣಿಯೂ ಇದೆ: ಚೆನ್ನಾಗಿ ಅಳೆದು ಬರೆದ ಸಂಖ್ಯೆಗೆ ಎ, ಅಂದಾಜಿಗೆ ಡಿ. ಗುರಿಯ 135 ನಮಗೆಲ್ಲ ಬಾಯಿಪಾಠ. ಪಕ್ಕದಲ್ಲಿ ಎ ಇದೆಯೋ ಡಿ ಇದೆಯೋ ಅಂತ ಯಾರಾದರೂ ಕೇಳಿದ್ದು ನೆನಪಿದೆಯಾ?

2024ರ ಮಾರ್ಚ್‌ನಲ್ಲಿ ಬೆಂಗಳೂರು ಒಣಗಿದಾಗ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಕೊಟ್ಟ ಲೆಕ್ಕ ಹೀಗಿತ್ತು: ದಿನಕ್ಕೆ ಬೇಕಾದದ್ದು 2,600 ದಶಲಕ್ಷ ಲೀಟರ್, ಕಾವೇರಿಯಿಂದ 1,470, ಕೊಳವೆಬಾವಿಯಿಂದ 650, ಕೊರತೆ ಸುಮಾರು 500. ಕಾವೇರಿಯ 1,470ರ ಹಿಂದೆ ಪಂಪು, ಮೀಟರು ಇವೆ. ಬಹುತೇಕ ಖಾಸಗಿ ಬೋರ್‌ವೆಲ್‌ಗಳಿಗೆ ಮೀಟರೇ ಇಲ್ಲದ ಊರಿನಲ್ಲಿ 650ರ ಹಿಂದೆ ಏನಿದೆ? ಎ ದರ್ಜೆಯ ಸಂಖ್ಯೆಯನ್ನೂ ಡಿ ದರ್ಜೆಯ ಸಂಖ್ಯೆಯನ್ನೂ ಒಂದೇ ಸಾಲಿನಲ್ಲಿ ಕೂಡಿಸಿ ಕಳೆದರೆ ಬರುವ ಸುಮಾರು 500 ಯಾವ ದರ್ಜೆ? ಅದರ ಮೇಲೆಯೇ ಅಲ್ವಾ ನಮ್ಮ ನಿಮ್ಮ ಅಪಾರ್ಟ್‌ಮೆಂಟಿನ ನಿರ್ಬಂಧಗಳು, ಟ್ಯಾಂಕರ್ ದರಗಳು ನಿಂತದ್ದು? ಕರೆಂಟಿಗೆ ನಮ್ಮಲ್ಲಿ ಕೆಇಆರ್‌ಸಿ ಇದೆ, ದರ ಏರಿಸುವ ಮುಂಚೆ ಬಹಿರಂಗ ವಿಚಾರಣೆ ನಡೆಸುತ್ತದೆ, ಜನ ಹೋಗಿ ಆಕ್ಷೇಪ ಹೇಳುತ್ತಾರೆ. ಕುಡಿಯುವ ನೀರಿಗೆ ಅಂಥ ಆಯೋಗ ಇಲ್ಲ.

ಹಾಗಾಗಿ ಮುಂದಿನ ಬೇಸಿಗೆಯಲ್ಲಿ ಯಾರಾದರೂ ನೀರಿನ ಸಂಖ್ಯೆ ಹೇಳಿದರೆ ಮೂರು ಪ್ರಶ್ನೆ ಕೇಳಿ. ಇದನ್ನು ಎಲ್ಲಿ ಅಳೆದಿರಿ, ಪಂಪಿನ ಬಾಯಲ್ಲೋ ಮನೆಯ ಬಾಗಿಲಲ್ಲೋ? ಇದರಲ್ಲಿ ಅಳತೆ ಎಷ್ಟು, ಅಂದಾಜು ಎಷ್ಟು? ಬರೆದವರನ್ನು ಬಿಟ್ಟು ಇನ್ಯಾರು ನೋಡಿದ್ದಾರೆ? ಜಲಮಂಡಳಿಯನ್ನು ಕೇಳೋಕೆ ಮುಂಚೆ ನಿಮ್ಮ ಅಪಾರ್ಟ್‌ಮೆಂಟ್ ಅಸೋಸಿಯೇಷನ್ನಿನ ಮುಂದಿನ ಮೀಟಿಂಗಿನಲ್ಲೇ ಶುರುಮಾಡಬಹುದು. ಅಲ್ಲೂ ಟ್ಯಾಂಕರ್ ಲೆಕ್ಕ ಬರೆಯೋರು ಒಬ್ಬರೇ ಇರ್ತಾರೆ.