ನೆಲ ಮುಟ್ಟದ ಚೆಂಡಿನ ಲೆಕ್ಕ

ವಾಲಿಬಾಲ್‌ನಲ್ಲಿ ಪಾಯಿಂಟ್ ತಂದ ಸ್ಮ್ಯಾಷ್ ಎಲ್ಲರ ಕಣ್ಣಿಗೂ ಬೀಳುತ್ತದೆ. ನೆಲ ಮುಟ್ಟುವ ಮೊದಲೇ ಎತ್ತಿದ ಚೆಂಡನ್ನು ಅಂಕಣ ಖಾಲಿಯಾಗುವಷ್ಟರಲ್ಲೇ ಮರೆತಿರುತ್ತೇವೆ. ಅಮೆರಿಕದ ಕಾಲೇಜು ತಂಡಗಳಲ್ಲಿ ರಕ್ಷಣೆಯ ಹೊಣೆ ಹೊತ್ತ ಸಹಾಯಕ ಕೋಚ್‌ಗಳ ವೃತ್ತಿಗೂ ಇದೇ ಗತಿ. ಗೆದ್ದರೆ ಹೆಸರು ಮುಖ್ಯ ಕೋಚ್‌ಗೆ, ಪದಕ ಆಟಗಾರ್ತಿಯರಿಗೆ. ಸಹಾಯಕರ ಕೆಲಸ ಮುಂದಿನ ಹುದ್ದೆಗೆ ಹತ್ತುವ ಮೆಟ್ಟಿಲು ಮಾತ್ರ ಎಂಬ ಎಣಿಕೆ. ಈ ಎಣಿಕೆ ತಪ್ಪು. ರಕ್ಷಣೆಯನ್ನು ಕಲಿಸುವುದು ತನ್ನದೇ ಮಾನದಂಡ ಬೇಡುವ ಸ್ವತಂತ್ರ ವಿದ್ಯೆ.

ಈ ವಿದ್ಯೆಯ ಬೆಲೆ ಹೆಚ್ಚಿಸಿದ್ದು ನಿಯಮಗಳ ಬದಲಾವಣೆ. ಹಿಂದೆ ಸರ್ವ್ ಮಾಡಿದ ತಂಡಕ್ಕೆ ಮಾತ್ರ ಪಾಯಿಂಟ್ ಸಿಗುತ್ತಿತ್ತು. ಅಮೆರಿಕದ ಮಹಿಳಾ ಕಾಲೇಜು ಆಟದಲ್ಲಿ 2001ರಿಂದ ಪ್ರತಿ ರ್‍ಯಾಲಿಗೂ ಪಾಯಿಂಟ್ ಬಂತು. 2002ರಲ್ಲಿ ಹಿಂದಿನ ಸಾಲಿನ ರಕ್ಷಣೆಗೆಂದೇ ಮೀಸಲಾದ ಲಿಬೆರೊ ಸ್ಥಾನ ಬಂತು. ಕೈತಪ್ಪಿದ ಪ್ರತಿ ಚೆಂಡೂ ನೇರ ನಷ್ಟವಾಯಿತು. ಬಲವಾದ ಸ್ಮ್ಯಾಷ್ ನೆಲ ಸೇರಲು ಅರ್ಧ ಸೆಕೆಂಡೂ ಬೇಡ. ಕಂಡ ಮೇಲೆ ಓಡಿದರೆ ತಡವಾಗಿರುತ್ತದೆ. ಆದ್ದರಿಂದ ಕೋಚ್‌ನ ನಿಜವಾದ ಕೆಲಸ ಪಂದ್ಯಕ್ಕೆ ಮೊದಲೇ ನಡೆಯುತ್ತದೆ. ಎದುರಾಳಿಯ ವಿಡಿಯೊ ನೋಡಿ, ದಾಳಿಗೆ ಎತ್ತಿಕೊಟ್ಟ ಯಾವ ಸೆಟ್‌ಗೆ ಯಾರು ಎತ್ತ ಹೊಡೆಯುತ್ತಾರೆಂದು ಗುರುತಿಸಬೇಕು. ನೇರ ಗೆರೆಯನ್ನು ಬ್ಲಾಕ್ (ಬಲೆಯ ಬಳಿ ಎತ್ತಿದ ಕೈಗಳ ತಡೆ) ಮುಚ್ಚಿದರೆ ಅಡ್ಡ ಹೊಡೆತಕ್ಕೆ ಲಿಬೆರೊ ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸಬೇಕು. ಹೊಡೆಯುವವಳ ಭುಜ ತಿರುಗುವಷ್ಟರಲ್ಲಿ ಪಾದ ನಿಲ್ಲಿಸಿ ಕೈ ಸಿದ್ಧವಾಗಿಡುವುದನ್ನು ದಿನದಿನವೂ ರೂಢಿ ಮಾಡಿಸಬೇಕು.

ಇಂಥ ಕೆಲಸವನ್ನು ಎದುರಾಳಿಯ ದಾಳಿಯಿಂದ ಎತ್ತಿ ಉಳಿಸಿದ ಚೆಂಡುಗಳ, ಅಂದರೆ ಡಿಗ್‌ಗಳ ಸಂಖ್ಯೆಯಿಂದ ಅಳೆಯುವುದು ಸುಲಭ, ಆದರೆ ಸರಿಯಲ್ಲ. ಬ್ಲಾಕ್ ದುರ್ಬಲವಾದ ತಂಡಕ್ಕೆ ಎತ್ತಬೇಕಾದ ಚೆಂಡುಗಳೇ ಹೆಚ್ಚು. ಅದರ ಡಿಗ್ ಸಂಖ್ಯೆಯೂ ಏರುತ್ತದೆ. ಬ್ಲಾಕ್‌ಗೆ ಹೆದರಿ ಎದುರಾಳಿ ಹೊರಗೆ ಹೊಡೆದರೆ ಅದು ರಕ್ಷಣೆಯ ಗೆಲುವೇ, ಆದರೆ ಡಿಗ್ ಎಂದು ದಾಖಲಾಗುವುದಿಲ್ಲ. ಪಾಯಿಂಟ್ ತಂದ ಹೊಡೆತಗಳಿಂದ ತಪ್ಪುಗಳನ್ನು ಕಳೆದು ಒಟ್ಟು ಯತ್ನಗಳಿಂದ ಭಾಗಿಸಿದರೆ ಎದುರಾಳಿಯ ದಾಳಿಯ ಸಾಫಲ್ಯ ಸಿಗುತ್ತದೆ. ಋತು ಸಾಗಿದಂತೆ ಅದು ಇಳಿಯುತ್ತಿದೆಯೇ, ಎತ್ತಿದ ಚೆಂಡು ದಾಳಿಗೆ ಚೆಂಡು ಒದಗಿಸುವ ಸೆಟ್ಟರ್‌ನ ಕೈಗೆ ಹದವಾಗಿ ತಲುಪುತ್ತಿದೆಯೇ ಎಂದು ನೋಡುವುದು ಹೆಚ್ಚು ನ್ಯಾಯ.

ಆಟಗಾರ್ತಿಯಾಗಿದ್ದು ಕೋಚ್ ಆದ ಡ್ಯಾನಿ ಬುಸ್‌ಬೂಮ್ ಕೆಲ್ಲಿ ಅವರ ಹಾದಿಯನ್ನು ಈ ಬೆಳಕಿನಲ್ಲಿ ನೋಡಬೇಕು. ನೆಬ್ರಾಸ್ಕಾ ವಿಶ್ವವಿದ್ಯಾಲಯದ ತಂಡದಲ್ಲಿ ಸೆಟ್ಟರ್ ಆಗಿದ್ದ ಅವರು ಕೊನೆಯ ವರ್ಷ ಲಿಬೆರೊ ಆಗಿ 2006ರ ರಾಷ್ಟ್ರೀಯ ಪ್ರಶಸ್ತಿ ಗೆದ್ದರು. ಅಲ್ಲಿಗೇ ಸಹಾಯಕ ಕೋಚ್ ಆಗಿ ಮರಳಿ, 2015ರ ಫೈನಲ್‌ನಲ್ಲಿ ಟೆಕ್ಸಾಸ್ ತಂಡವನ್ನು ಮೂರು ನೇರ ಸೆಟ್‌ಗಳಲ್ಲಿ ಮಣಿಸಿದ ಪಾಳೆಯದಲ್ಲಿದ್ದರು. ಆ ತಂಡದ ಲಿಬೆರೊ ಜಸ್ಟಿನ್ ವಾಂಗ್-ಒರಾಂಟೆಸ್ ಮುಂದೆ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದು, ಅತ್ಯುತ್ತಮ ಲಿಬೆರೊ ಗೌರವಕ್ಕೂ ಪಾತ್ರರಾದರು. ಕ್ಯಾಲಿಫೋರ್ನಿಯಾದ ಮರಳಿನ ಅಂಕಣಗಳಲ್ಲಿ ಪಳಗಿ ಬಂದ ಪ್ರತಿಭೆಯ ಶ್ರೇಯ ಕೋಚ್‌ಗೇಕೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ, ಚುರುಕು ಕೈಯನ್ನು ಯಾರೂ ಹುಟ್ಟಿಸಲಾರರು. ಆದರೆ ಲಿಬೆರೊ ಒಬ್ಬಂಟಿಯಲ್ಲ. ಅವರ ಮುಂದಿನ ಬ್ಲಾಕ್, ಪಕ್ಕದವರ ಸ್ಥಾನ, ಎದುರಾಳಿಯ ಅಭ್ಯಾಸಗಳ ಅರಿವು ಒಂದಕ್ಕೊಂದು ಹೊಂದಿದಾಗಲೇ ಆ ಕೈಗೆ ಚೆಂಡು ಸಿಗುತ್ತದೆ. ಹೊಂದಿಸುವುದನ್ನು ಕಲಿಸಬೇಕಾಗುತ್ತದೆ. ಆಟದ ತಂತ್ರ ರೂಪಿಸುತ್ತಿದ್ದವರು ನೆಬ್ರಾಸ್ಕಾದ ಆಗಿನ ಮುಖ್ಯ ಕೋಚ್ ಜಾನ್ ಕುಕ್ ಅಲ್ಲವೇ ಎಂಬುದು ಇನ್ನೊಂದು ಆಕ್ಷೇಪ. ಹೌದು, ಅಂತಿಮ ತೀರ್ಮಾನ ಅವರದಾಗಿತ್ತು. ಆದರೆ ತಂತ್ರವನ್ನು ಆರು ಜನರ ಕಾಲಿಗೂ ಕಣ್ಣಿಗೂ ಇಳಿಸಲು ಅದರಲ್ಲೇ ನುರಿತವರು ಬೇಕು.

ಕೆಲ್ಲಿ ಮುಂದೆ ಲೂಯಿವಿಲ್ ತಂಡದ ಮುಖ್ಯ ಕೋಚ್ ಆಗಿ ಅದನ್ನು 2022 ಮತ್ತು 2024ರಲ್ಲಿ ಫೈನಲ್‌ಗೆ ಒಯ್ದರು. 2025ರಲ್ಲಿ ಕುಕ್ ಅವರ ಸ್ಥಾನಕ್ಕೆ ನೆಬ್ರಾಸ್ಕಾಗೆ ಬಂದರು. ಈ ಏಳಿಗೆಯಿಂದಲೇ ಅವರ ಹಿಂದಿನ ಕೆಲಸದ ಯೋಗ್ಯತೆ ಸಾಬೀತಾಯಿತು ಎಂದರೆ ಮತ್ತೆ ಮೆಟ್ಟಿಲಿನ ಎಣಿಕೆಗೇ ಮರಳಿದಂತೆ. ಅವರು ಸಹಾಯಕಿಯಾಗಿಯೇ ಉಳಿದಿದ್ದರೂ ಆ ವರ್ಷಗಳ ದುಡಿಮೆಯ ತೂಕ ಒಂದು ಗುಲಗಂಜಿಯಷ್ಟೂ ಕಡಿಮೆಯಾಗುತ್ತಿರಲಿಲ್ಲ. ರಕ್ಷಣೆ ಕಲಿಸುವವರನ್ನು ಅವರು ಏರಿದ ಹುದ್ದೆಯಿಂದಲ್ಲ, ಎದುರಾಳಿಗೆ ಅವರು ಮುಚ್ಚಿದ ದಾರಿಗಳಿಂದ ಅಳೆಯಬೇಕು.