ಕೌಮಾರಭೃತ್ಯದಲ್ಲಿ ಮನಸ್ಸಿನ ಸ್ಥಾನ

ಆಯುರ್ವೇದಕ್ಕೆ ಎಂಟು ಅಂಗಗಳುಂಟೆಂಬುದು ವಾಚಕರಿಗೆ ವಿದಿತವೇ ಇದೆ. ಅವುಗಳಲ್ಲಿ ಶಿಶುಪೋಷಣೆಯೂ ಬಾಲರೋಗಚಿಕಿತ್ಸೆಯೂ ಕೌಮಾರಭೃತ್ಯಕ್ಕೆ ಸೇರಿದುವು. ಗ್ರಹಾವೇಶದಿಂದ ಉಂಟಾಗುವುವೆಂದು ನಂಬಿದ್ದ ಚಿತ್ತವಿಕಾರಗಳು ಭೂತವಿದ್ಯೆಗೆ ಸೇರಿದುವು. ಈ ವಿಭಾಗವನ್ನು ನೋಡಿ, ಪ್ರಾಚೀನರು ಮಗುವಿನ ದೇಹವನ್ನು ಒಬ್ಬ ವೈದ್ಯನಿಗೂ ಮನಸ್ಸನ್ನು ಮತ್ತೊಬ್ಬನಿಗೂ ಒಪ್ಪಿಸಿದ್ದರೆಂದು ಊಹಿಸುವುದು ಸುಲಭ. ಗ್ರಂಥಗಳನ್ನು ಸಾವಧಾನವಾಗಿ ಪರಿಶೀಲಿಸಿದರೆ ಈ ಪೂರ್ವಪಕ್ಷವು ನಿಲ್ಲಲಾರದು.

ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಕುಮಾರಾಗಾರದ ವರ್ಣನೆಯಿದೆ. ಆಟದ ಸಾಮಾನುಗಳು ಹಗುರವಾಗಿರಬೇಕು, ಮೊನೆಯುಳ್ಳವಾಗಿರಬಾರದು, ಬಾಯೊಳಗೆ ಹೋಗುವಂತಿರಬಾರದು, ಭಯವನ್ನೂ ಹುಟ್ಟಿಸಬಾರದು ಎಂದು ಅಲ್ಲಿ ವಿಧಿಸಿದೆ. ಗಂಟಲಿಗೆ ಆಗಬಹುದಾದ ಅಪಾಯವನ್ನೂ ಮನಸ್ಸಿಗೆ ಆಗಬಹುದಾದ ಅಪಾಯವನ್ನೂ ಒಂದೇ ಉಸಿರಿನಲ್ಲಿ ಹೇಳಿರುವುದು ಆಕಸ್ಮಿಕವಲ್ಲ. ಅಳುವ, ಉಣ್ಣದ, ಹೇಳಿದ್ದನ್ನು ಕೇಳದ ಮಗುವನ್ನು ರಾಕ್ಷಸ, ಪಿಶಾಚ, ಪೂತನೆ ಮೊದಲಾದವರ ಹೆಸರೆತ್ತಿ ಹೆದರಿಸಲಾಗದೆಂಬ ನಿಷೇಧವೂ ಅದೇ ಪ್ರಕರಣದಲ್ಲಿ ಬರುತ್ತದೆ.

ನೇಪಾಳದ ಹೇಮರಾಜ ಶರ್ಮರ ಉಪೋದ್ಘಾತದೊಡನೆ 1938ರಲ್ಲಿ ಅಚ್ಚಾದ ಕಾಶ್ಯಪಸಂಹಿತೆಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಮಾತು ಬಾರದ ಶಿಶುವಿನ ನೋವನ್ನು ಅದರ ಚೇಷ್ಟೆಗಳಿಂದ ಅರಿಯುವ ಬಗೆಯನ್ನು ಅದರ ವೇದನಾಧ್ಯಾಯವು ಹೇಳುತ್ತದೆ. ತಲೆ ಹೊರಳಿಸುವುದು, ಕಣ್ಣು ಮುಚ್ಚುವುದು ಇವುಗಳ ಜೊತೆಯಲ್ಲಿಯೇ ಯಾವುದರಲ್ಲಿಯೂ ನೆಮ್ಮದಿಯಿಲ್ಲದಿರುವುದು, ನಿದ್ರೆ ಬಾರದಿರುವುದು ಇವೂ ಶಿರೋವೇದನೆಯ ಲಕ್ಷಣಗಳಾಗಿ ಎಣಿಕೆಗೆ ಬಂದಿವೆ. ನೋಡುವ ಕಣ್ಣು ಒಂದೇ. ಅದು ದೇಹ ಮನಸ್ಸುಗಳನ್ನು ಬೇರ್ಪಡಿಸುವುದಿಲ್ಲ.

ಹೀಗೆಂದ ಮಾತ್ರಕ್ಕೆ ಪ್ರಾಚೀನರಲ್ಲಿ ದೋಷವಿಲ್ಲವೆಂದು ಹೇಳಲಾಗದು. ಸುಶ್ರುತಸಂಹಿತೆಯ ಉತ್ತರತಂತ್ರವು ಒಂಬತ್ತು ಬಾಲಗ್ರಹಗಳನ್ನು ಹೇಳಿ, ದೇಹದ ವಿಕಾರಗಳನ್ನೂ ಬೆಚ್ಚಿಬೀಳುವಿಕೆಯನ್ನೂ ಅವುಗಳಿಗೇ ಆರೋಪಿಸಿತು. ಔಷಧಗಳೊಡನೆ ಧೂಪ, ಬಲಿಗಳನ್ನೂ ವಿಧಿಸಿತು. ಲಕ್ಷಣಗಳನ್ನು ಕೂಡಿಸಿ ನೋಡಿದ್ದು ಗುಣ. ಕಾರಣವನ್ನು ಮಗುವಿನ ಹೊರಗೆ ಕಲ್ಪಿಸಿದ್ದು ದೋಷ. ಮಗುವನ್ನು ಪೂತನೆಯ ಹೆಸರಿನಿಂದ ಹೆದರಿಸಬಾರದೆಂದ ಪರಂಪರೆಯೇ ತಾಯಿಯನ್ನು ಅದೇ ಹೆಸರಿನಿಂದ ಹೆದರಿಸಿತು.

ಈ ವಿಚಾರವು ಕೇವಲ ಗ್ರಂಥಚರ್ಚೆಯಲ್ಲ. ಭಾರತದ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವು 1982ರಲ್ಲಿ ಆರಂಭವಾಯಿತು. ಸಾಮಾನ್ಯ ವೈದ್ಯರಿಗೆ ಶಿಕ್ಷಣವಿತ್ತು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೇ ಮನೋರೋಗಿಗಳನ್ನು ಉಪಚರಿಸುವ ಪ್ರಯೋಗವು ಅದೇ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಯಿತು. 2017ರ ಮಾನಸಿಕ ಆರೋಗ್ಯ ಕಾಯಿದೆಯು ಈ ಸೇವೆಯನ್ನು ಸಾಮಾನ್ಯ ಚಿಕಿತ್ಸೆಯೊಡನೆ ಎಲ್ಲ ಹಂತಗಳಲ್ಲಿಯೂ ಕೂಡಿಸಬೇಕೆಂದಿತು. ಮಕ್ಕಳ ಮಾನಸಿಕ ಸೇವೆಯನ್ನೂ ಹೆಸರಿಸಿತು. ಇದು ಪರಕೀಯ ಕಲ್ಪನೆಯೆಂದು ಶಂಕಿಸುವವರಿಗೆ ಚರಕ ಕಾಶ್ಯಪರೇ ಸಮಾಧಾನ ಹೇಳುತ್ತಾರೆ. ಎಲ್ಲವೂ ಪ್ರಾಚೀನರಲ್ಲಿಯೇ ಇತ್ತೆಂದು ಹೆಮ್ಮೆಪಡುವವರಿಗೆ ಬಾಲಗ್ರಹಪ್ರಕರಣವು ಉತ್ತರ ಕೊಡುತ್ತದೆ.

ಜ್ವರಕ್ಕೆ ಮದ್ದು ಕೇಳಲು ಬಂದ ತಾಯಿ, ಮಗು ನಿದ್ರಿಸುವುದಿಲ್ಲ, ಆಡುವುದಿಲ್ಲವೆಂಬುದನ್ನು ತಾನಾಗಿ ಹೇಳದೆ ಹೋಗಬಹುದು. ಅದನ್ನು ಕೇಳಿ ತಿಳಿಯುವುದು ಮೊದಲು ನಾಡಿ ಹಿಡಿದ ವೈದ್ಯನ ಕರ್ತವ್ಯ. ವೇದನಾಧ್ಯಾಯದ ತಾತ್ಪರ್ಯವು ಇಷ್ಟೇ.