ಲ್ಯಾಂಪೋರ್ಟರ ಗ್ರಂಥದಲ್ಲಿ ಕಾಲತರ್ಕ

ಹಲವು ಗಣಕಕ್ರಿಯೆಗಳು ಏಕಕಾಲದಲ್ಲಿ ಪರಸ್ಪರ ಬೆರೆತು ನಡೆಯುವಲ್ಲಿ, ಕೆಲವು ಸಲ ಪರೀಕ್ಷಿಸಿ ನೋಡಿದ ಮಾತ್ರಕ್ಕೆ ಅವು ನಿರ್ದುಷ್ಟವೆಂದು ನಿರ್ಣಯಿಸಲಾಗದು. ವ್ಯವಸ್ಥೆಯು ಮಾಡತಕ್ಕುದನ್ನು ತರ್ಕಸೂತ್ರಗಳಲ್ಲಿ ನಿರೂಪಿಸಿ, ಅದು ಅಂತೆಯೇ ನಡೆಯುವುದೆಂದು ಸಾಧಿಸುವುದೇ ತಕ್ಕ ಮಾರ್ಗ. ತತ್ತ್ವಜ್ಞಾನಿ ಆರ್ಥರ್ ಪ್ರಯರ್ ಅವರು ಕ್ರಿಯಾಪದದ ಕಾಲಭೇದಗಳನ್ನು ವಿಚಾರಿಸುತ್ತ ಕಟ್ಟಿದ ಕಾಲತರ್ಕವನ್ನು 1977ರಲ್ಲಿ ಅಮೀರ್ ಪ್ನುಯೆಲಿ ಈ ಕಾರ್ಯಕ್ಕೆ ಅಳವಡಿಸಿದರು. ವ್ಯಾಕರಣದ ನೆರೆಯಲ್ಲಿ ಹುಟ್ಟಿದ ಈ ಶಾಸ್ತ್ರವು ಭಾಷಾಧ್ಯಾಪಕರಿಗೆ ತೀರ ಅನ್ಯವೇನೂ ಅಲ್ಲ.

ಲೆಸ್ಲಿ ಲ್ಯಾಂಪೋರ್ಟರು 2002ರಲ್ಲಿ ಪ್ರಕಟಿಸಿದ ‘ಸ್ಪೆಸಿಫೈಯಿಂಗ್ ಸಿಸ್ಟಮ್ಸ್’ ಈ ವಿಷಯದಲ್ಲಿ ಪ್ರಮಾಣಗ್ರಂಥವಾಗಿರುವುದು. ಗಂಟೆಯನ್ನು ಮಾತ್ರ ತೋರುವ ಗಡಿಯಾರವೊಂದರ ನಿರೂಪಣೆಯೇ ಅದರ ಮೊದಲ ದೃಷ್ಟಾಂತ. ಇಲ್ಲಿ ಒಂದು ಸೂಕ್ಷ್ಮವಿದೆ. ಗಂಟೆ ಬದಲಾಗದ ಹೆಜ್ಜೆಗಳಿಗೂ ಸೂತ್ರವು ಎಡೆಗೊಡುತ್ತದೆ. ಆದುದರಿಂದಲೇ ನಿಮಿಷಗಳನ್ನೂ ತೋರುವ ಗಡಿಯಾರವು ಅದೇ ಸೂತ್ರವನ್ನು ಭಂಗವಿಲ್ಲದೆ ಪಾಲಿಸಬಲ್ಲುದು. ಸ್ಥೂಲನಿರೂಪಣೆಗೂ ಸೂಕ್ಷ್ಮನಿರೂಪಣೆಗೂ ಸಂಬಂಧ ಕಲ್ಪಿಸುವ ಈ ಉಪಾಯವು ಗ್ರಂಥದ ಅತ್ಯುತ್ತಮ ಗುಣವೆನ್ನಬೇಕು. ಆದರೆ ಅದೇ ಸೂತ್ರವನ್ನು ನಿಂತುಹೋದ ಗಡಿಯಾರವೂ ಪಾಲಿಸುತ್ತದೆ! ಗ್ರಂಥಕರ್ತರು ಇದನ್ನು ಬಲ್ಲರು. ಪರಿಹಾರವನ್ನು ಮಾತ್ರ ಎಂಟನೆಯ ಅಧ್ಯಾಯದವರೆಗೆ ತಡೆದಿರುವರು. ಪ್ರಯೋಗದಲ್ಲಿ ಈ ಭಾಗದ ಮಹತ್ತ್ವವು ಅಲ್ಪವೆಂಬುದು ಅವರ ಅಭಿಪ್ರಾಯ. ಇದು ಒಪ್ಪತಕ್ಕುದಲ್ಲ.

ಗ್ರಂಥದ ದೃಷ್ಟಾಂತಗಳು ಬಹುಪಾಲು ಯಂತ್ರದೊಳಗಿನವಾದುದರಿಂದ, ಕನ್ನಡ ವಾಚಕರಿಗೆ ಬೇರೊಂದನ್ನು ಕಲ್ಪಿಸಬಹುದು. ಕೊಡಗಿನಲ್ಲಿ ವಿರಾಜಪೇಟೆಯಿಂದ ಸಿದ್ದಾಪುರಕ್ಕೆ ಅಮ್ಮತ್ತಿಯ ಮೇಲೆ ಹೋಗುವ ಹಾದಿಯಲ್ಲಿ, ಒಮ್ಮೆಗೆ ಒಂದೇ ಲಾರಿ ಹಾಯಬಲ್ಲ ಕಿರುಸೇತುವೆಯಿದೆಯೆನ್ನೋಣ. ಕಾಫಿ ಕೊಯ್ಲಿನ ಕಾಲ. ಎರಡು ಕಡೆಯಿಂದಲೂ ಮೂಟೆ ಹೊತ್ತ ಲಾರಿಗಳು ಬರುತ್ತಿವೆ. ‘ಎರಡು ಲಾರಿಗಳು ಸೇತುವೆಯ ಮೇಲೆ ಎಂದಿಗೂ ಕೂಡವು’ ಎಂಬುದು ಕ್ಷೇಮಗುಣ. ಇಬ್ಬರು ಚಾಲಕರೂ ‘ತಾವು ಮೊದಲು’ ಎಂದು ಮರ್ಯಾದೆಯಿಂದ ನಿಂತೇ ಬಿಟ್ಟರೆ ಕ್ಷೇಮಗುಣಕ್ಕೆ ಲೇಶವೂ ಕುಂದಿಲ್ಲ. ಕಾಫಿ ಮಾತ್ರ ಊರು ಸೇರದು. ‘ಕಾದ ಲಾರಿ ಎಂದಾದರೊಮ್ಮೆ ದಾಟುವುದು’ ಎಂಬ ಪ್ರಗತಿಗುಣವನ್ನು ಪ್ರತ್ಯೇಕವಾಗಿ ವಿಧಿಸಬೇಕು.

ಅದಕ್ಕೆ ನಿಷ್ಪಕ್ಷತೆ ಬೇಕು. (‘ನ್ಯಾಯ’ವೆಂಬ ಪದವು ತರ್ಕಶಾಸ್ತ್ರಕ್ಕೇ ಹೆಸರಾಗಿರುವುದರಿಂದ ಇಲ್ಲಿ ಸಲ್ಲದು.) ವಿರಾಜಪೇಟೆಯ ಲಾರಿಗಳು ಸಾಲಾಗಿ ಬರುತ್ತಿದ್ದು, ನಡುನಡುವೆ ಕ್ಷಣಮಾತ್ರ ಸೇತುವೆ ತೆರವಾದರೆ, ಸಿದ್ದಾಪುರದ ಲಾರಿಗೆ ಅವಕಾಶವು ಮರಳಿ ಮರಳಿ ಬಂದೀತು, ಎಡೆಬಿಡದೆ ಇರಲಾರದು. ಎಡೆಬಿಡದ ಅವಕಾಶವಿದ್ದಾಗಲಷ್ಟೇ ಕಾರ್ಯವನ್ನು ವಿಧಿಸುವ ದುರ್ಬಲ ನಿಷ್ಪಕ್ಷತೆಯು ಈ ಲಾರಿಯನ್ನು ಕಾಯದು. ಮರಳಿ ಮರಳಿ ಬರುವ ಅವಕಾಶವನ್ನೇ ಸಾಕೆನ್ನುವ ಪ್ರಬಲ ನಿಷ್ಪಕ್ಷತೆ ಬೇಕಾಗುವುದು. ಇಂತಹ ಭೇದವನ್ನು ತಿಳಿಸುವ ಭಾಗವೇ ಗೌಣವೆಂದರೆ, ಕಾಯುವವನ ಪಕ್ಷದಿಂದ ಶಾಸ್ತ್ರವನ್ನು ನೋಡಲಿಲ್ಲವೆಂದೇ ಅರ್ಥ. ‘ಎಂದಾದರೊಮ್ಮೆ’ ಎಂಬುದಕ್ಕೆ ಗಡುವಿಲ್ಲ, ನೂರು ವರ್ಷಗಳ ಮೇಲೆ ದಾಟಿದರೂ ಸೂತ್ರವು ಸತ್ಯವೇ ಎಂಬ ಆಕ್ಷೇಪಕ್ಕೆ ಬಲವಿದೆಯಾದರೂ, ಅದರಿಂದ ಗಡುವಿನ ಆವಶ್ಯಕತೆ ಸಿದ್ಧಿಸುವುದೇ ಹೊರತು ಪ್ರಗತಿಗುಣದ ಅಲ್ಪತ್ವವಲ್ಲ.

ಪರಿಭಾಷೆಯ ಮಾತೊಂದು ಉಳಿದಿದೆ. ಮೂಲದ ಆಂಗ್ಲಪದಕ್ಕೆ ‘ಕೊನೆಗೆ’ ಎಂದು ಬರೆದರೆ, ಕೊನೆಯೇ ಇಲ್ಲದೆ ನಡೆಯತಕ್ಕ ವ್ಯವಸ್ಥೆಗೆ ಕೊನೆಯನ್ನು ಆರೋಪಿಸಿದಂತಾಗುವುದು. ‘ಎಂದಾದರೊಮ್ಮೆ’ ಎಂಬುದೇ ಯುಕ್ತ. ಅದರ ಹಿಂದೆ ‘ಯಾವಾಗಲೂ’ ಎಂಬುದು ಸೇರಿದಾಗ ಆಂಗ್ಲದಲ್ಲಿ ವಾಚಕನು ತಡವರಿಸುವನು. ಕನ್ನಡದಲ್ಲಿ ಅದಕ್ಕೆ ‘ಮರಳಿ ಮರಳಿ’ ಎಂಬ ದ್ವಿರುಕ್ತಿ ಸಿದ್ಧವಾಗಿಯೇ ಇದೆ.